ಮೂರು ದಿನದ ಮಲೆನಾಡು ಪ್ರವಾಸಕ್ಕೆ ಒಂದು ಗುಡ್ಡ, ಒಂದು ಹಿನ್ನೀರು ಸಾಕು

ಪ್ರಶ್ನೆ: ನಾವು ತುಮಕೂರಿನವರು, ಒಟ್ಟು ಏಳು ಜನ. ನಾನು, ಹೆಂಡತಿ, 11 ವರ್ಷದ ಮಗ, ತಂಗಿ, ಅವಳ ಗಂಡ, ಅಪ್ಪ (63, ಬಿಪಿ ಇದೆ), ಅಮ್ಮ (58, ಮಂಡಿನೋವು). ಡಿಸೆಂಬರ್ ಕೊನೆಯ ವಾರ 3 ದಿನದ ಗೈಡ್ ಸಹಿತ ಪ್ಯಾಕೇಜ್ ನೋಡಿದ್ದೇವೆ. 25 ಜನರ ಬ್ಯಾಚ್. ಹಿಡ್ಲುಮನೆ ಜಲಪಾತದ ಮೂಲಕ ಕೊಡಚಾದ್ರಿ ಚಾರಣ, ಸಿಗಂದೂರು ಲಾಂಚ್, ಶರಾವತಿ ಹಿನ್ನೀರಿನಲ್ಲಿ ಕಯಾಕಿಂಗ್, ಜೋಗ, ಕವಲೇದುರ್ಗ, ಆಗುಂಬೆ ಸೂರ್ಯಾಸ್ತ ಎಲ್ಲವೂ ಇದೆ. ಹೋಗಬಹುದೇ? ಹಣ ಕಟ್ಟುವ ಮೊದಲು ಏನು ಕೇಳಬೇಕು? ಇಂಬಳ (ಜಿಗಣೆ), ಮಂಗನ ಕಾಯಿಲೆಯ ಬಗ್ಗೆ ಹೆಂಡತಿಗೆ ಭಯವಿದೆ.

ಉತ್ತರ: ಹೋಗಿ, ಆದರೆ ಈ ಪಟ್ಟಿ ಹಿಡಿದು ಹೋಗಬೇಡಿ. ಇದನ್ನು ಬರೆದವರು ನಕ್ಷೆಯನ್ನು ಸರಿಯಾಗಿ ನೋಡಿದಂತಿಲ್ಲ. ಆಗುಂಬೆಯಿಂದ ತೀರ್ಥಹಳ್ಳಿ, ಹೊಸನಗರ, ಸಾಗರ ದಾಟಿ ಜೋಗ ಮುಟ್ಟಲು ನಾಲ್ಕು ಗಂಟೆಗೂ ಹೆಚ್ಚು ಬೇಕು. ಮಲೆನಾಡಿನ ತಿರುವು ರಸ್ತೆಯಲ್ಲಿ ಟೆಂಪೊ ಟ್ರಾವೆಲರ್ ಗಂಟೆಗೆ 35 ಕಿಲೋಮೀಟರ್ ಸಾಗಿದರೆ ಅದೇ ದೊಡ್ಡದು. ಏಳು ಜಾಗವನ್ನು ಮೂರು ಹಗಲಿಗೆ ತುರುಕಿದರೆ ಹಗಲೆಲ್ಲ ಗಾಡಿಯಲ್ಲೇ ಕಳೆಯುತ್ತದೆ. ಗುಡ್ಡಕ್ಕೆ ಸಿಗುವುದು ಮಧ್ಯಾಹ್ನದ ಬಿಸಿಲು, ನೀರಿಗೆ ಸಿಗುವುದು ಗಾಳಿಯ ಹೊತ್ತು, ಇಳಿಯುವುದು ಕತ್ತಲೆಯಲ್ಲಿ. ಇಲ್ಲಿನ ಗುಡ್ಡಗಳು ತೀರಾ ಎತ್ತರವೇನಲ್ಲ. ಕೊಡಚಾದ್ರಿ 1343 ಮೀಟರ್, ಉಸಿರಾಟದ ತೊಂದರೆ ಬರುವ ಎತ್ತರ ಅದಲ್ಲ. ಇಲ್ಲಿ ತೊಂದರೆ ಬರುವುದು ಹೊತ್ತು ತಪ್ಪಿದಾಗ.

ಇನ್ನೊಂದು ಸಂಗತಿ. ಪಟ್ಟಿಯಲ್ಲಿ ‘ಸಿಗಂದೂರು ಲಾಂಚ್’ ಎಂದಿದೆಯಲ್ಲ, ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದೇ ಉದ್ಘಾಟನೆಯಾಗಿದೆ. ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಕೇಬಲ್ ಸೇತುವೆ ಅದು, ಸಿಗಂದೂರಿಗೆ ಈಗ ಗಾಡಿ ನೇರ ಹೋಗುತ್ತದೆ. ಲಾಂಚಿಗೆಂದು ಎರಡು ಗಂಟೆ ಎತ್ತಿಟ್ಟ ಕಾರ್ಯಕ್ರಮ ಹಳೆಯದು ಎಂದೇ ಅರ್ಥ. ಅದನ್ನು ತಿದ್ದಲು ಪುರಸೊತ್ತಿಲ್ಲದವರು ಗುಡ್ಡದ ದಾರಿ ಈಗ ಹೇಗಿದೆ, ಯಾವ ಗೇಟು ಮುಚ್ಚಿದೆ ಎಂದು ವಿಚಾರಿಸಿರುತ್ತಾರೆ ಎಂಬ ಭರವಸೆ ನನಗಿಲ್ಲ.

ನಿಮ್ಮ ಮನೆಮಂದಿಗೆ ನಾನು ಹೇಳುವುದು ಇಷ್ಟೇ: ಒಂದು ಗುಡ್ಡ, ಒಂದು ನೀರು. ಕೊಡಚಾದ್ರಿ ಮತ್ತು ಶರಾವತಿ ಹಿನ್ನೀರು ಇರಲಿ. ಆಗುಂಬೆ, ಕವಲೇದುರ್ಗ ಬೇರೆ ದಿಕ್ಕು, ಅವಕ್ಕೆ ಇನ್ನೊಂದು ಸಲ ಬನ್ನಿ. ಜೋಗದ ಬಗ್ಗೆ ಒಂದು ಮಾತು: 253 ಮೀಟರ್ ಧುಮುಕುವ ನೀರನ್ನು ನೋಡಬೇಕೆಂದರೆ ಮಳೆಗಾಲ ಅಥವಾ ಅದರ ಬೆನ್ನಿಗೇ ಬರಬೇಕು. ಮೇಲೆ ಲಿಂಗನಮಕ್ಕಿ ಅಣೆಕಟ್ಟು ನೀರು ಹಿಡಿದಿಟ್ಟುಕೊಳ್ಳುವುದರಿಂದ ಡಿಸೆಂಬರಿನಲ್ಲಿ ಬಂಡೆಯ ಮೇಲೆ ಬಿಳಿ ಎಳೆಗಳು ಕಂಡಾವು, ಅಷ್ಟೇ. ಪೋಸ್ಟರಿನ ಚಿತ್ರ ಆಗಸ್ಟಿನದು.

ತಿಂಗಳು ಬದಲಿಸಲು ಸಾಧ್ಯವಿದ್ದರೆ ನವೆಂಬರ್ ಎರಡನೇ ಹದಿನೈದು ದಿನಕ್ಕೆ ತನ್ನಿ. ಆಗ ಹಿನ್ನೀರು ತುಂಬಿಕೊಂಡಿರುತ್ತದೆ, ಗುಡ್ಡದ ಹುಲ್ಲು ಇನ್ನೂ ಹಸಿರಿರುತ್ತದೆ, ದಾರಿ ಒಣಗಿರುತ್ತದೆ, ಇಂಬಳ ಕಡಿಮೆಯಾಗಿರುತ್ತದೆ, ಮಂಗನ ಕಾಯಿಲೆ ಹರಡುವ ಉಣುಗಿನ (ಉಣ್ಣೆಹುಳದ) ಕಾಲ ಇನ್ನೂ ಜೋರಾಗಿರುವುದಿಲ್ಲ. ಡಿಸೆಂಬರ್ ಕೊನೆಯ ವಾರದ ಕಷ್ಟ ಹವಾಮಾನದ್ದಲ್ಲ, ಜನದ್ದು. ಶಾಲಾ ಪ್ರವಾಸ, ಕೊಲ್ಲೂರಿನ ಯಾತ್ರಿಕರು, ಹೊಸ ವರ್ಷದವರು ಎಲ್ಲ ಒಟ್ಟಿಗೆ ಸೇರಿ ಜೀಪಿಗೆ ಸಾಲು ನಿಲ್ಲಬೇಕಾಗುತ್ತದೆ. ರಜೆ ಆ ವಾರವೇ ಸಿಗುವುದಾದರೆ ಶನಿವಾರ, ಭಾನುವಾರ ಬಿಟ್ಟು ಮಂಗಳವಾರದಿಂದ ಗುರುವಾರದ ಒಳಗೆ ಮುಗಿಸಿ. ಫೆಬ್ರುವರಿ ದಾಟಿದರೆ ಹುಲ್ಲು ಒಣಗಿ ಕಾಡ್ಗಿಚ್ಚಿನ ಭಯ ಶುರುವಾಗುತ್ತದೆ, ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುವುದೂ ಉಂಟು.

ಇನ್ನು ದಿನಗಳನ್ನು ಜೋಡಿಸುವ ಬಗೆ. ತಾಳಗುಪ್ಪದ ರಾತ್ರಿ ರೈಲು ತುಮಕೂರಿನ ಮೇಲೆಯೇ ಹೋಗುತ್ತದೆ. ಬೆಳಗ್ಗೆ ಶಿವಮೊಗ್ಗದಲ್ಲಿ ಇಳಿದು ಹೊಸನಗರದ ಮಾರ್ಗವಾಗಿ ನಗರಕ್ಕೆ ಬನ್ನಿ. ಕೆಳದಿ ಅರಸರ ಬಿದನೂರು ಕೋಟೆ ಇರುವುದು ಅಲ್ಲೇ, ದೊಡ್ಡವರು ಚಿಕ್ಕವರು ಎಲ್ಲ ಆರಾಮಾಗಿ ಹತ್ತಿ ನೋಡಬಹುದು. ಸಂಜೆ ನಿಟ್ಟೂರಿನ ಆಸುಪಾಸಿನ ಹೋಂಸ್ಟೇಯಲ್ಲಿ ಉಳಿಯಿರಿ. ರೈಲಿನಲ್ಲಿ ನಿದ್ದೆಗೆಟ್ಟ ದಿನವೇ ಗುಡ್ಡ ಹತ್ತಿಸುವ ಪ್ಯಾಕೇಜುಗಳಿವೆ, ಅದು ತಪ್ಪು. ಎರಡನೇ ದಿನ ಪೂರ್ತಿ ಕೊಡಚಾದ್ರಿಗೆ. ರಾತ್ರಿ ಅದೇ ಮನೆಯಲ್ಲಿ ಬಿಸಿನೀರು ಸ್ನಾನ, ಊಟ, ನಿದ್ದೆ. ಮೂರನೇ ದಿನ ಬೆಳಗಾಗುತ್ತಲೇ ಹೊರಟು ಸೇತುವೆ ದಾಟಿ ಸಾಗರದ ಕಡೆ ಬಂದು, ಮಧ್ಯಾಹ್ನಕ್ಕೆ ಮುಂಚೆ ನೀರಿನ ಕೆಲಸ ಮುಗಿಸಿ, ಊಟ ಮಾಡಿ, ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ನೋಡಿ, ಸಾಗರದಲ್ಲಿ ರಾತ್ರಿ ರೈಲು ಹತ್ತಿ. ನಿಲ್ದಾಣದ ಹೆಸರು ಸಾಗರ ಜಂಬಗಾರು.

ಗುಡ್ಡವನ್ನು ಕೊನೆಯ ದಿನ ಇಟ್ಟುಕೊಂಡರೆ ರೈಲಿನ ಗಡಿಬಿಡಿಯಲ್ಲಿ ಇಳಿಯಬೇಕಾಗುತ್ತದೆ, ಕಾಲು ಉಳುಕುವುದು ಇಂಥ ಅವಸರದ ಇಳಿತದಲ್ಲೇ. ಹತ್ತಿದ ಮರುದಿನ ತೊಡೆ, ಮೀನಖಂಡ ಹಿಡಿದುಕೊಂಡಿರುತ್ತವೆ. ಹುಟ್ಟು ಹಾಕುವ ಕೆಲಸ ತೋಳಿಗೆ, ಹೆಗಲಿಗೆ. ಹಾಗಾಗಿ ಗುಡ್ಡದ ಮಾರನೇ ದಿನ ನೀರು ಹಿತವಾಗಿರುತ್ತದೆ.

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದೊಳಗಿದೆ, ಪ್ರವೇಶಕ್ಕೆ ಅನುಮತಿ ಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಲೇ ಜಮಾಯಿಸಿದ ಮೇಲೆ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣ ತೆರೆಯಿತು. ನಿಮ್ಮ ದಾರಿ ಆ ದಿನ ತೆರೆದಿದೆಯೇ ಎಂದು ಅದರಲ್ಲಿ ನೀವೇ ನೋಡಿ. ಆಯೋಜಕರು ‘ಪರ್ಮಿಶನ್ ನಮ್ಮ ಜವಾಬ್ದಾರಿ’ ಎಂದರೆ ನಿಮ್ಮ ಏಳು ಹೆಸರಿರುವ ಟಿಕೆಟ್ಟಿನ ಪ್ರತಿ ಕೇಳಿ. ಗೇಟಿನಲ್ಲಿ ಗುರುತಿನ ಚೀಟಿಯ ಹೆಸರಿಗೂ ಟಿಕೆಟ್ಟಿಗೂ ತಾಳೆ ಬೀಳದಿದ್ದರೆ ವಾಪಸು ಬರುವವರು ನೀವು, ಅವರಲ್ಲ. ತುದಿಯಲ್ಲಿ ಟೆಂಟ್, ಕ್ಯಾಂಪ್‌ಫೈರ್, ಡ್ರೋನ್ ಎಂದು ಆಸೆ ತೋರಿಸುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ಯಾವ ದಾರಿಯಲ್ಲಿ ಹತ್ತಬೇಕು ಎಂಬುದು ನಿಮ್ಮ ವಿಷಯದಲ್ಲಿ ಮುಖ್ಯ. ಹಿಡ್ಲುಮನೆಯ ದಾರಿ ಚಂದ, ಆದರೆ ಜಲಪಾತದ ಮಗ್ಗುಲಿಗೇ ಒದ್ದೆ ಬಂಡೆ, ಬೇರು ಹಿಡಿದು ಏರಬೇಕು. ಮಂಡಿನೋವಿನ ಅಮ್ಮನಿಗೂ ಬಿಪಿಯ ಅಪ್ಪನಿಗೂ ಅದು ಬೇಡ. ಅವರಿಬ್ಬರು ಜೀಪಿನಲ್ಲಿ ಬರಲಿ. ಕೊಲ್ಲೂರಿನಿಂದ ಜೀಪಿನ ದಾರಿ ಸುಮಾರು 40 ಕಿಲೋಮೀಟರ್, ನಿಟ್ಟೂರಿನ ಕಡೆಯಿಂದ ಅದಕ್ಕಿಂತ ಎಷ್ಟೋ ಹತ್ತಿರ. ಕೊನೆಯ ಏರು ಮಾತ್ರ ರಸ್ತೆಯೆನ್ನುವಂತಿಲ್ಲ, ಕೊರಕಲು ಮತ್ತು ಉರುಳುಗಲ್ಲು. ಮೈ ಕುಲುಕುವುದನ್ನು ಮೊದಲೇ ತಿಳಿದಿರಿ: ಸೊಂಟದ ಡಿಸ್ಕ್ ತೊಂದರೆ ಇದ್ದವರು, ಬಸುರಿಯರು, ಇತ್ತೀಚೆಗೆ ಆಪರೇಷನ್ ಆದವರು ಈ ಜೀಪು ಹತ್ತಬಾರದು. ಅಪ್ಪ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹಿಂದಿನ ಅಡ್ಡ ಸೀಟಿನಲ್ಲಿ ಕೂತವರಿಗೆ ಪ್ರತಿ ಗುಂಡಿಯ ಪೆಟ್ಟೂ ನೇರ ಬೆನ್ನುಮೂಳೆಗೆ ತಗಲುತ್ತದೆ.

ನಡೆಯುವ ಐದು ಜನಕ್ಕೂ ನನ್ನ ಸಲಹೆ: ಏರುವುದು ಕಾಲಿನಲ್ಲಿ, ಇಳಿಯುವುದು ಜೀಪಿನಲ್ಲಿ. ಏರು ಎದೆಯನ್ನು ದಣಿಸುತ್ತದೆ, ನಿಂತು ಸುಧಾರಿಸಿಕೊಳ್ಳಬಹುದು. ಇಳಿತ ಮಂಡಿಯನ್ನೂ ಉಗುರನ್ನೂ ಹಾಳು ಮಾಡುತ್ತದೆ, ಅದು ಕೂತರೆ ಸುಧಾರಿಸುವಂಥದ್ದಲ್ಲ. ಜೀಪಿನವರು ಸಾಮಾನ್ಯವಾಗಿ ಮೇಲೆ ಒಂದೆರಡು ಗಂಟೆಯಷ್ಟೇ ಕಾಯುತ್ತಾರೆ. ನೀವು ಬರುವವರೆಗೆ ಕಾಯಬೇಕು, ಇಳಿಯುವಾಗ ಏಳೂ ಜನ ಅದೇ ಜೀಪಿನಲ್ಲಿ ಎಂದು ಬಾಡಿಗೆ ಮಾತಾಡುವಾಗಲೇ ಹೇಳಿ, ಕಾಯುವ ಹಣ ಗೊತ್ತುಮಾಡಿ. ಮೇಲೆ ಹೋದ ಮೇಲೆ ಮಾತಾಡಿದರೆ ಜಗಳವಾಗುತ್ತದೆ.

ಹೊತ್ತಿನ ಲೆಕ್ಕವನ್ನು ಕಾಗದದ ಮೇಲೆ ಹೀಗೆ ಹಾಕಿ. ಅಭ್ಯಾಸವಿರುವವರಿಗೆ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 6 ಕಿಲೋಮೀಟರ್ ದಾರಿ, 600 ಮೀಟರ್ ಏರು ಇದ್ದರೆ ಎರಡು ಗಂಟೆ ಹತ್ತು ನಿಮಿಷದ ಮಾತು. ಹುಡುಗರೂ ಅಭ್ಯಾಸವಿಲ್ಲದವರೂ ಇರುವ ಗುಂಪಿಗೆ ಅದರ ಒಂದೂವರೆ ಪಟ್ಟು, ಮೇಲೆ ಅರ್ಧ ಮುಕ್ಕಾಲು ಗಂಟೆ ತಿಂಡಿಗೆ, ವಿಶ್ರಾಂತಿಗೆ. ಅಂದರೆ ನಾಲ್ಕು ಗಂಟೆ. ಬೆಳಗ್ಗೆ 6:45ಕ್ಕೆ ಹೆಜ್ಜೆ ಇಟ್ಟರೆ 10:45ಕ್ಕೆ ಮೇಲೆ. ಹನ್ನೊಂದೂವರೆಯಾದರೂ ಮೂಲಮೂಕಾಂಬಿಕಾ ದೇವಸ್ಥಾನ ಮುಟ್ಟದಿದ್ದರೆ ಲೆಕ್ಕ ತಪ್ಪಿದೆ ಎಂದರ್ಥ. ಆಗ ತುದಿಯ ಸರ್ವಜ್ಞ ಪೀಠವನ್ನು ಬಿಟ್ಟುಬಿಡಬೇಕು, ಓಡಿಹೋಗಿ ನೋಡಿ ಬರುವುದಲ್ಲ. ದೇವಸ್ಥಾನದಿಂದ ಪೀಠಕ್ಕೆ ಒಂದೂವರೆ ಎರಡು ಕಿಲೋಮೀಟರ್ ಕಡಿದಾದ ಕಾಲುದಾರಿ ಇದೆ, ಜೀಪು ಹೋಗುವುದಿಲ್ಲ. ಅಪ್ಪ ಊರುಗೋಲು ಹಿಡಿದು ನಿಧಾನವಾಗಿ ಹೋಗಬಹುದು, ಅಮ್ಮ ದೇವಸ್ಥಾನದ ಬಳಿಯೇ ಉಳಿಯುವುದು ಒಳ್ಳೆಯದು. ಪೀಠದಿಂದ ಕೆಳಗಿನ ಚಿತ್ರಮೂಲ ಗುಹೆಗೆ ಹುಡುಗನನ್ನು ಇಳಿಸಬೇಡಿ.

ಡಿಸೆಂಬರ್ ಕೊನೆಗೆ ಇಲ್ಲಿ ಸೂರ್ಯ ಮುಳುಗುವುದು ಸಂಜೆ 6:10ರ ಸುಮಾರಿಗೆ. ಬೋಳುಗುಡ್ಡದ ಮೇಲೆ ಇನ್ನೂ ಬೆಳಕಿದ್ದರೂ ಕೆಳಗಿನ ಕಾನಿನೊಳಗೆ ಅರ್ಧ ಗಂಟೆ ಮೊದಲೇ ಕತ್ತಲು. ಸೂರ್ಯಾಸ್ತಕ್ಕೆಂದು ಕಾದು ಕೂತು, ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಇಳಿಯಲು ಹೊರಡುವುದು ಕೊಡಚಾದ್ರಿಯಲ್ಲಿ ನಡೆಯುವ ಅತಿ ದೊಡ್ಡ ತಪ್ಪು. ದಾರಿ ತಪ್ಪುವುದು, ಜಾರುವುದು, ಕಾಟಿ (ಕಾಡುಕೋಣ) ಎದುರಾಗುವುದು ಎಲ್ಲ ಆ ಒಂದು ಗಂಟೆಯಲ್ಲೇ. ಮಧ್ಯಾಹ್ನ 3ಕ್ಕೆ ಜೀಪು ಹತ್ತಿ. ಪಡುವಣ ಕಡಲಿನ ಕಡೆಯ ನೋಟ ಬೆಳಗ್ಗೆ ಮಂಜು ಕರಗಿದ ಹೊತ್ತಿನಲ್ಲೂ ಅಷ್ಟೇ ಸೊಗಸು.

ಈಗ ಗೈಡ್ ವಿಷಯ. ಒಬ್ಬ ಗೈಡಿಗೆ ಎಂಟರಿಂದ ಹತ್ತು ಜನ, ಅದಕ್ಕಿಂತ ಹೆಚ್ಚಲ್ಲ. ಹತ್ತು ದಾಟಿದರೆ ಇಬ್ಬರು: ಒಬ್ಬ ಮುಂದೆ, ಒಬ್ಬ ಎಲ್ಲರ ಹಿಂದೆ. ಹಿಂದಿನವನು ಯಾರನ್ನೂ ದಾಟಿ ಮುಂದೆ ಹೋಗಕೂಡದು. 25 ಜನರ ಬ್ಯಾಚಿಗೆ ಮೂವರು ಬೇಕು. ಒಬ್ಬ ಗೈಡು, ಒಬ್ಬ ‘ಕೋಆರ್ಡಿನೇಟರ್’ ಎಂದರೆ ಆ ಎರಡನೆಯವನು ಬೆಂಗಳೂರಿನಿಂದ ನಿಮ್ಮ ಜೊತೆಗೇ ಬಸ್ಸಿನಲ್ಲಿ ಬಂದವನಿರಬಹುದು. ಗೈಡಿನ ಊರು ಯಾವುದು ಎಂದು ಕೇಳಿ. ನಿಟ್ಟೂರು, ಕಟ್ಟಿನಹೊಳೆ, ಸಂಪೆಕಟ್ಟೆ ಎಂದು ಹತ್ತಿರದ ಊರು ಹೇಳಿದರೆ ನೆಮ್ಮದಿ. ಯಾವ ಮೊರಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ, ಯಾವ ತಿರುವಿನಲ್ಲಿ ಬಿಎಸ್‌ಎನ್‌ಎಲ್ ಸಿಗ್ನಲ್ ಸಿಗುತ್ತದೆ ಎಂಬುದು ಅಲ್ಲಿ ದನ ಕಾದವರಿಗೆ ಗೊತ್ತು.

ಒಳ್ಳೆಯ ಗೈಡನ್ನು ಗುರುತಿಸುವ ಸುಲಭ ಉಪಾಯ ಅವನು ಗುಂಪನ್ನು ನಿಲ್ಲಿಸುವ ರೀತಿಯಲ್ಲಿದೆ. ಸಾಮಾನ್ಯವಾಗಿ ಆಗುವುದು ಹೀಗೆ: ಗಟ್ಟಿಗರು ಮುಂದೆ ಹೋಗಿ ಒಂದು ಮರದಡಿ ಕೂರುತ್ತಾರೆ, ಹತ್ತು ನಿಮಿಷಕ್ಕೆ ಹಿಂದಿನವರು ಏದುಸಿರು ಬಿಡುತ್ತ ಬರುತ್ತಾರೆ, ಅವರು ಬಂದ ಕೂಡಲೇ ‘ಬನ್ನಿ ಹೋಗೋಣ’ ಎಂದು ಎಲ್ಲರೂ ಏಳುತ್ತಾರೆ. ಅಂದರೆ ದಣಿದವರಿಗೆ ವಿಶ್ರಾಂತಿಯೇ ಇಲ್ಲ, ದಣಿಯದವರಿಗೆ ಹತ್ತು ನಿಮಿಷ. ಮೂರು ಸಲ ಹೀಗಾದರೆ ಹಿಂದಿನವರ ಕಾಲು ಸೋತು ಎಡವುತ್ತಾರೆ. ತಿಳಿದ ಗೈಡು ಅತಿ ನಿಧಾನದವರನ್ನು ತನ್ನ ಬೆನ್ನ ಹಿಂದೆಯೇ ನಡೆಸುತ್ತಾನೆ, ಕೊನೆಯವರು ಬಂದ ಮೇಲೆ ಐದು ನಿಮಿಷ ಎಣಿಸುತ್ತಾನೆ, ಪ್ರತಿ ಕವಲಿನಲ್ಲೂ ತಲೆ ಲೆಕ್ಕ ಹಾಕುತ್ತಾನೆ. ಮಂಜು ಕವಿದರೆ ಗುಂಪನ್ನು ಒಂದು ಕೈ ಅಳತೆಗೆ ತಂದುಕೊಳ್ಳುತ್ತಾನೆ. ನಿಮ್ಮ ಮಗನ ಕುತ್ತಿಗೆಗೆ ಒಂದು ಸೀಟಿ ಕಟ್ಟಿ. ದಾರಿ ತಪ್ಪಿದರೆ ಹುಡುಕಿಕೊಂಡು ಹೋಗಕೂಡದು, ಇದ್ದಲ್ಲೇ ನಿಂತು ಮೂರು ಸಲ ಊದಬೇಕು ಎಂದು ಮನೆಯಲ್ಲೇ ಹೇಳಿಕೊಡಿ.

ಹಣ ಕಟ್ಟುವ ಮೊದಲು ಕೇಳಬೇಕಾದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿ, ಉತ್ತರವೂ ಬರಹದಲ್ಲೇ ಬರಲಿ. ನಮ್ಮ ಜೊತೆ ಎಷ್ಟು ಗೈಡುಗಳು? ಎಷ್ಟು ಹೊತ್ತಿಗೆ ತುದಿ ಮುಟ್ಟದಿದ್ದರೆ ಹಿಂದಿರುಗುತ್ತೀರಿ? 11 ವರ್ಷದ ಹುಡುಗನಿಗೆ ಸರಿಹೊಂದುವ ಲೈಫ್ ಜಾಕೆಟ್ ಇದೆಯೇ? ಜೀಪಿಗೆ ಹಳದಿ ಬೋರ್ಡ್, ವಿಮೆ ಇದೆಯೇ? ಜೀಪಿನ ಬಾಡಿಗೆ, ಅರಣ್ಯ ಪ್ರವೇಶ ಶುಲ್ಕ, ದೋಣಿಯ ಹಣ ಪ್ಯಾಕೇಜಿನಲ್ಲಿದೆಯೇ, ಬೇರೆಯೇ? ಮಳೆಯಿಂದ ಅಥವಾ ಇಲಾಖೆ ದಾರಿ ಮುಚ್ಚಿದ್ದರಿಂದ ಹೋಗಲಾಗದಿದ್ದರೆ ಎಷ್ಟು ವಾಪಸು? ಯಾರಿಗಾದರೂ ಪೆಟ್ಟಾದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ? ‘ಎಲ್ಲಾ ನಾವು ನೋಡ್ಕೋತೀವಿ ಸಾರ್’ ಎಂಬುದು ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಹಿಂದಿರುಗುವ ಹೊತ್ತನ್ನು ಗಂಟೆ ನಿಮಿಷದಲ್ಲಿ ಹೇಳಿದವರಿದ್ದರೆ ನಾನು ಅವರಿಗೆ ಸಾವಿರ ರೂಪಾಯಿ ಹೆಚ್ಚು ಕೊಟ್ಟಾದರೂ ಹೋಗಿ ಎನ್ನುತ್ತೇನೆ. ನಿಮ್ಮ ಮನೆಯ ಏಳೇ ಜನಕ್ಕೆ ಹೋಂಸ್ಟೇಯವರೇ ಗೈಡು, ಜೀಪು ಗೊತ್ತುಮಾಡಿ ಕೊಡುವುದಾದರೆ ಅದು 25 ಜನರ ಬ್ಯಾಚಿಗಿಂತ ಎಷ್ಟೋ ಮೇಲು. ಅಮ್ಮನ ಮಂಡಿಗೆ ಇನ್ನೂ ಹದಿನೆಂಟು ಜನ ಅಪರಿಚಿತರು ಕಾಯುವುದಿಲ್ಲ.

ಹಿನ್ನೀರಿಗೆ ಬರೋಣ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಪೂರ್ಣಮಟ್ಟ 1819 ಅಡಿ. ಮುಳುಗಿದ್ದು ಊರು, ಗದ್ದೆ, ಕಾಡು. ಕಾಡಿನ ಮರಗಳೆಲ್ಲ ಆಗ ಕಡಿದು ಹೋಗಿರಲಿಲ್ಲ. ಅವುಗಳ ಒಣ ಕಾಂಡಗಳು ಇಂದಿಗೂ ನೀರೊಳಗೆ ನಿಂತಿವೆ. ನೀರು ತುಂಬಿದಾಗ ಕೆಲವು ತುದಿಗಳು ಮೇಲ್ಮೈಯಿಂದ ಗೇಣು ಕೆಳಗೆ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಕಯಾಕಿನ ತಳ ಅದಕ್ಕೆ ಸಿಕ್ಕಿದರೆ ಒಂದೇ ಏಟಿಗೆ ಮಗುಚುತ್ತದೆ, ದಡದಿಂದ ಧುಮುಕಿದವರಿಗೆ ಎದೆಗೇ ಚುಚ್ಚುತ್ತದೆ. ಗೈಡು ಹೋದ ಗೆರೆಯಲ್ಲೇ ಹೋಗಬೇಕು, ಧುಮುಕಕೂಡದು ಎಂಬ ಎರಡು ನಿಯಮ ಬಂದದ್ದು ಇದರಿಂದ. ಬೇಸಿಗೆಗೆ ನೀರು ತಗ್ಗಿದಂತೆ ದಡದಲ್ಲಿ ಹೂಳಿನ ಕೆಸರು ತೆರೆದುಕೊಳ್ಳುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟು ನೆಲದಂತೆ ಕಂಡರೂ ಕಾಲಿಟ್ಟರೆ ಮೊಣಕಾಲವರೆಗೆ ಇಳಿಯುತ್ತದೆ. ಇಳಿಜಾರು ಗುಡ್ಡವೇ ಮುಳುಗಿ ಆದ ದಡ ಇದು, ಕೆರೆಯ ಹಾಗೆ ಮೆಲ್ಲಗೆ ಆಳವಾಗುವುದಿಲ್ಲ. ಮೂರು ಹೆಜ್ಜೆಗೆ ಸೊಂಟ, ನಾಲ್ಕನೆಯದಕ್ಕೆ ನೆಲವೇ ಸಿಗುವುದಿಲ್ಲ. ‘ಬರೀ ಕಾಲು ತೊಳೆದುಕೊಂಡು ಬರ್ತೀನಿ’ ಎಂದು ಜಾಕೆಟ್ ಇಲ್ಲದೆ ಇಳಿಯುವುದೂ ಬೇಡ.

ಹಿನ್ನೀರು ಬೆಳಗ್ಗೆ ಕನ್ನಡಿಯ ಹಾಗಿರುತ್ತದೆ. ಬಿಸಿಲೇರಿದಂತೆ ಗಾಳಿ ಎದ್ದು, ಮಧ್ಯಾಹ್ನದ ಮೇಲೆ ತೆರೆದ ನೀರಿನಲ್ಲಿ ಮೊಣಕಾಲೆತ್ತರದ ಅಲೆ ಏಳುತ್ತದೆ. ಹೊಸಬರು ಗಾಳಿಯ ಬೆನ್ನಿಗೆ ಸುಲಭವಾಗಿ ದೂರ ಹೋಗಿ, ವಾಪಸು ಗಾಳಿಗೆದುರು ಹುಟ್ಟು ಹಾಕಲಾರದೆ ಸೋಲುತ್ತಾರೆ. ಆದ್ದರಿಂದ ಹೋಗುವಾಗ ಗಾಳಿಗೆದುರು, ಬರುವಾಗ ಗಾಳಿಯೊಂದಿಗೆ. ದಡದಿಂದ ನೂರು ಮೀಟರಿನೊಳಗೆ, ಹನ್ನೊಂದೂವರೆಗೆ ದಡ. ನೀವು ಬೆಳಗ್ಗೆ ಒಂಬತ್ತಕ್ಕೆ ನೀರಿಗಿಳಿದರೆ ಎರಡೂವರೆ ಗಂಟೆ ಸಿಗುತ್ತದೆ, ಮೊದಲ ಸಲಕ್ಕೆ ಅದು ಧಾರಾಳ.

ಲೈಫ್ ಜಾಕೆಟ್ಟನ್ನು ಹಾಕಿಕೊಳ್ಳುವುದಕ್ಕೆ ಮೊದಲು ಕೈಯಿಂದ ಹಿಸುಕಿ ನೋಡಿ. ಒಳಗಿನ ಫೋಮ್ ಮತ್ತೆ ಉಬ್ಬಬೇಕು. ತಿಂಗಳುಗಟ್ಟಲೆ ಕೂರುವ ಮೆತ್ತೆಯಾಗಿ ಬಳಸಿದ ಜಾಕೆಟ್ ಹಪ್ಪಳದಂತೆ ಚಪ್ಪಟೆಯಾಗಿರುತ್ತದೆ, ಅದು ತೇಲಿಸುವುದಿಲ್ಲ. ಬಕಲ್ಲುಗಳೆಲ್ಲ ಟಕ್ಕೆಂದು ಕೂರಬೇಕು, ಬಕಲ್ ಮುರಿದು ಲಾಡಿ ಕಟ್ಟಿದ್ದರೆ ಬದಲಿಸಿ ಕೇಳಿ. ಹಾಕಿಕೊಂಡ ಮೇಲೆ ಇನ್ನೊಬ್ಬರು ಎರಡು ಹೆಗಲಿನ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲಿ. ಜಾಕೆಟ್ ಗದ್ದ, ಕಿವಿ ದಾಟಿ ಮೇಲೆ ಬಂದರೆ ಸಡಿಲ ಎಂದರ್ಥ. ನೀರಿಗೆ ಬಿದ್ದಾಗಲೂ ಅದು ಹಾಗೇ ಮೇಲೆ ಹೋಗುತ್ತದೆ, ಮನುಷ್ಯ ಕೆಳಗೆ ಜಾರುತ್ತಾನೆ. ಮಗನಿಗೆ ತೂಕಕ್ಕೆ ತಕ್ಕ ಅಳತೆಯದು ಬೇಕು, ಕಾಲ ಸಂದಿನ ಪಟ್ಟಿ ಇರಲೇಬೇಕು. ಅಂಥದ್ದಿಲ್ಲ ಎಂದರೆ ಅವನು ಆ ದಿನ ನೀರಿಗಿಳಿಯುವುದಿಲ್ಲ, ಅಷ್ಟೇ. ಅವನನ್ನು ಇಬ್ಬರು ಕೂರುವ ಕಯಾಕಿನ ಮುಂದೆ ಕೂರಿಸಿ, ಹಿಂದೆ ಗೈಡು ಇರಲಿ. ಮಗುಚಿದರೆ ದಡಕ್ಕೆ ಈಜುವುದಲ್ಲ, ದೋಣಿಯನ್ನೇ ಹಿಡಿದುಕೊಂಡಿರಬೇಕು. ದೋಣಿ ಮುಳುಗುವುದಿಲ್ಲ, ದೂರದಿಂದ ಕಾಣುತ್ತದೆ ಕೂಡ. ಅಪ್ಪ ಅಮ್ಮನಿಗೆ ತೆಪ್ಪ ಹಿತ. ನಡುವೆ ನಿಲ್ಲದೆ, ಸುತ್ತಲೂ ಭಾರ ಸಮನಾಗಿ ತಳದಲ್ಲಿ ಕೂರಬೇಕು. ಜಾಕೆಟ್ ಅವರಿಗೂ ಬೇಕು.

ಕಾಲಿಗೆ ಹೊಸ ಶೂ ಬೇಡ. ಎರಡು ಮೂರು ವಾರ ಹಾಕಿ ಪಳಗಿದ, ತಳದಲ್ಲಿ ಆಳ ಗೆರೆಯಿರುವ ಶೂ ಸಾಕು. ತೋಟದ ಕೆಲಸದ ಗಂಬೂಟು ಇಂಬಳಕ್ಕೆ ಒಳ್ಳೆಯದೆಂದು ಹಾಕಿ ಬರುವವರುಂಟು, ಇಳಿಜಾರಿನಲ್ಲಿ ಪಾದ ಒಳಗೇ ಜಾರಿ ಬೊಕ್ಕೆ ಏಳುತ್ತದೆ. ಡಿಸೆಂಬರಿನಲ್ಲಿ ಒಣಗಿ ಮಲಗಿದ ಕರಡದ ಹುಲ್ಲು ಎಣ್ಣೆ ಸವರಿದಂತೆ ಜಾರುತ್ತದೆ, ಹುಲ್ಲಿನ ಮೇಲಲ್ಲ, ಮಣ್ಣು ಕಾಣುವಲ್ಲಿ ಹೆಜ್ಜೆ ಇಡಿ. ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿಕೊಳ್ಳಿ. ನೀರು ತಲೆಗೆ 3 ಲೀಟರ್. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕಲಸಿ, ಅರ್ಧ ಬಾಟಲಿಗೆ ಗಟ್ಟಿಯಾಗಿ ಕಲಸಿದರೆ ದಾಹ ಹೆಚ್ಚುತ್ತದೆ, ಹೊಟ್ಟೆ ಕೆಡುತ್ತದೆ. ಅಪ್ಪನ ಬಿಪಿಗೆ ಓಆರ್‌ಎಸ್ ಉಪ್ಪು ಸರಿಯೇ ಎಂದು ಅವರ ವೈದ್ಯರನ್ನು ಕೇಳಿ, ಮಾತ್ರೆಯನ್ನು ಗುಡ್ಡದ ದಿನವೂ ತಪ್ಪಿಸಬಾರದು. ಬುತ್ತಿಗೆ ಚಿತ್ರಾನ್ನ, ಚಪಾತಿ, ಮಿಡಿ ಉಪ್ಪಿನಕಾಯಿ, ಬಾಳೆಹಣ್ಣು, ಶೇಂಗಾ ಬೆಲ್ಲ. ಕಾಯಿಚಟ್ನಿ ಬೇಡ, ಹನ್ನೊಂದು ಗಂಟೆಗೇ ಹಳಸುತ್ತದೆ.

ಅಭ್ಯಾಸಕ್ಕೆ ಒಂದು ತಿಂಗಳು ಮೊದಲಿಂದ ಮೆಟ್ಟಿಲು ಹತ್ತಿ. ನಾಲ್ಕು ಅಂತಸ್ತನ್ನು ಐದು ಸಲ ಹತ್ತಿ ಇಳಿದು, ಮರುದಿನ ಮಂಡಿ ನೋಯದಿದ್ದರೆ ಗುಡ್ಡಕ್ಕೆ ಅಂಜಬೇಕಿಲ್ಲ.

ಇಂಬಳದ ಭಯ ಅದರ ಅಪಾಯಕ್ಕಿಂತ ದೊಡ್ಡದು. ಅದು ರೋಗ ತರುವುದಿಲ್ಲ. ಕಚ್ಚುವಾಗ ರಕ್ತ ಹೆಪ್ಪುಗಟ್ಟದ ರಸವನ್ನು ಬಿಡುವುದರಿಂದ ಬಿದ್ದ ಮೇಲೂ ಬಹಳ ಹೊತ್ತು ಒಸರುತ್ತದೆ, ನೋಡಲು ಗಾಬರಿಯೆನಿಸುತ್ತದೆ. ಅಪ್ಪ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಒತ್ತಿ ಪಟ್ಟಿ ಕಟ್ಟಬೇಕಾದೀತು. ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಚೀಲದ ಮೇಲೆ ಹೊಗೆಸೊಪ್ಪಿನ ನೀರು ಸವರಿದರೆ ಹತ್ತುವುದು ಕಡಿಮೆ. ಕಚ್ಚಿದ್ದನ್ನು ಕಿತ್ತೆಳೆಯಬೇಡಿ. ಸಣ್ಣ ತುದಿಯ ಅಡಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ.

ಮಂಗನ ಕಾಯಿಲೆ ಹಾಗಲ್ಲ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಇದು ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಸಾವುಗಳೂ ಆದವು. ಹರಡುವುದು ಉಣುಗಿನಿಂದ, ಅದರಲ್ಲೂ ಎಳ್ಳಿನಷ್ಟು ಸಣ್ಣ ಮರಿ ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಅವುಗಳ ಕಾಲ. ಕಾಡಿನಲ್ಲಿ ಒಣ ತರಗೆಲೆಯ ಮೇಲೆ ಕೂರಬೇಡಿ, ಬಂಡೆಯ ಮೇಲೆ ಕೂರಿ. ತೋಳು ಕಾಲು ಮುಚ್ಚುವ ತಿಳಿಬಣ್ಣದ ಬಟ್ಟೆ ಹಾಕಿದರೆ ಹರಿದಾಡುವುದು ಕಾಣುತ್ತದೆ. ಆರೋಗ್ಯ ಇಲಾಖೆ ಇಲ್ಲಿನ ಹಳ್ಳಿಗಳಲ್ಲಿ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಂಚುತ್ತದೆ, ಹೋಂಸ್ಟೇಯವರ ಬಳಿ ಇದೆಯೇ ಕೇಳಿ ಕೈಕಾಲಿಗೆ ಹಚ್ಚಿಕೊಂಡು ಹೊರಡಿ. ಆ ಸುತ್ತಿನಲ್ಲಿ ಈಚೆಗೆ ಮಂಗ ಸತ್ತಿದೆಯೇ ಎಂದೂ ಅವರನ್ನೇ ಕೇಳಿ. ಸತ್ತಿದ್ದರೆ ಆ ದಾರಿ ಬಿಡಿ. ಸತ್ತ ಮಂಗ ನಿಮ್ಮ ಕಣ್ಣಿಗೆ ಬಿದ್ದರೆ ಹತ್ತಿರ ಹೋಗದೆ ಗೈಡಿಗೆ ತಿಳಿಸಿ.

ಸಂಜೆ ಬಂದ ಕೂಡಲೇ ಬಟ್ಟೆಯೆಲ್ಲ ಬಿಸಿನೀರಿಗೆ, ನಂತರ ಸೋಪು ಹಚ್ಚಿ ಸ್ನಾನ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು, ಮಂಡಿಯ ಹಿಂಭಾಗ ಒಬ್ಬರದನ್ನೊಬ್ಬರು ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆರಳಿನಲ್ಲಿ ಹಿಚುಕಬೇಡಿ, ಬೆಂಕಿ ತಾಗಿಸಬೇಡಿ.

ಹಾವಿನ ಬಗ್ಗೆ ಇಷ್ಟು: ಕೈ ಇಡುವ ಬಂಡೆ, ಹಿಡಿಯುವ ಕೊಂಬೆಯನ್ನು ಮೊದಲು ನೋಡಿ, ಹಸಿರು ಕುಳಿಮಂಡಲ ಎಲೆಯ ಬಣ್ಣದಲ್ಲೇ ಇರುತ್ತದೆ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಆ ಅಂಗ ಅಲ್ಲಾಡದಂತೆ ಕೋಲಿಗೆ ಕಟ್ಟಿ, ಎತ್ತಿಕೊಂಡು ಆಸ್ಪತ್ರೆಗೆ. ಹೊಸನಗರ, ಸಾಗರದಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ, ದೊಡ್ಡದು ಶಿವಮೊಗ್ಗದ ಮೆಗ್ಗಾನ್. ಆ್ಯಂಬುಲೆನ್ಸಿಗೆ 108. ಹಾವಿಗಿಂತ ಹೆಜ್ಜೇನು ಹೆಚ್ಚು ಎದುರಾಗುವಂಥದ್ದು. ಸೆಂಟು ಹಾಕಿಕೊಂಡು ಬರಬೇಡಿ, ಬಂಡೆಯಡಿ ಹೊಗೆ ಮಾಡಬೇಡಿ. ಎದ್ದರೆ ಮುಖ ಮುಚ್ಚಿಕೊಂಡು ಓಡುವುದೊಂದೇ ದಾರಿ, ಕೈ ಬೀಸುತ್ತ ನಿಲ್ಲಕೂಡದು.

ಊರಿಗೆ ಮರಳಿದ ಮೇಲೆ ಎರಡು ವಾರದೊಳಗೆ ಯಾರಿಗಾದರೂ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ ಕೈಕಾಲು ಸೆಳೆತ ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕಾಯಬೇಡಿ. ತುಮಕೂರಿನ ವೈದ್ಯರಿಗೆ ಮಂಗನ ಕಾಯಿಲೆ ತಟ್ಟನೆ ಹೊಳೆಯದಿರಬಹುದು, ಡೆಂಗ್ಯೂ ಎಂದುಕೊಂಡಾರು. ಯಾವ ತಾರೀಖಿನಂದು ಯಾವ ಕಾಡಿನಲ್ಲಿದ್ದಿರಿ, ಉಣುಗು ಕಚ್ಚಿತ್ತೇ ಎಂದು ನೀವಾಗಿಯೇ ಮೊದಲು ಹೇಳಿ.